ಅರಗು ಹಚ್ಚಿದ ದೋಣಿ

ದಾವಲಸಾಬನ ದೋಣಿ ಮುಳುಗಿದ್ದು ನನ್ನಿಂದ. ಹೀಗೆ ಬರೆಯಹೋದಾಗಲೆಲ್ಲ ಕೈ ನಿಲ್ಲುತ್ತಿತ್ತು — ನಿಜವಾಗಿಯೂ ನನ್ನಿಂದಲೇ? ಆ ಶುಕ್ರವಾರ ಮಧ್ಯಾಹ್ನ ದೋಣಿಯ ತಳದ ಸಂದಿಯಿಂದ ನೂಲನ್ನು ನಾನು ಕಿತ್ತೆನೇ? ಕೀಳಬೇಕು ಅಂದುಕೊಂಡು ಸುಮ್ಮನಾದೆನೇ? ಅಥವಾ ದೋಣಿ ಮುಳುಗಿದ ಮೇಲೆ, ಒಳಗೊಳಗೇ ಆದ ಸಣ್ಣ ಸಂತೋಷಕ್ಕೆ ನಾಚಿಕೊಂಡು, ಆ ನಾಚಿಕೆಗೆ ತಕ್ಕ ತಪ್ಪೊಂದನ್ನು ನನ್ನ ಮನಸ್ಸೇ ಹೊಲಿದುಕೊಂಡಿತೇ? ಇದನ್ನು ಹೇಳಲು ಇಷ್ಟು ವರ್ಷ ನನ್ನಿಂದ ಆಗಲಿಲ್ಲ.

ಒಂದು ಮಾತ್ರ ಖಚಿತ. ದೋಣಿ ಮುಳುಗಿದ ದಿನ ಕೆರೆಯ ದಂಡೆಯ ಮೇಲೆ ನಿಂತು, ಊರ ಜನರ ಎದುರು, ನಾನು ಅವನಿಗೆ ಒಂದು ಮಾತು ಹೇಳಿದೆ. ಅದನ್ನು ಕೇಳಿದವರು ಈಗಲೂ ಇದ್ದಾರೆ. ನನ್ನ ಕೈ ಮಾಡಿದ್ದನ್ನು ಯಾರೂ ನೋಡಲಿಲ್ಲ, ಬಾಯಿ ಆಡಿದ್ದನ್ನು ಎಲ್ಲರೂ ಕೇಳಿದರು. ಮಾತಿನ ತಪ್ಪನ್ನು ಒಪ್ಪಿಕೊಳ್ಳಲು ನನಗೆ ಯಾವ ಸಂಶಯವೂ ಅಡ್ಡ ಬರಲಾರದು. ಆದರೂ ಒಪ್ಪಿಕೊಂಡಿರಲಿಲ್ಲ.

ನಾನು ಮೊರಬದವನು. ಎರೆ ಭೂಮಿ, ಕಣ್ಣು ಹಾಯಿಸಿದಷ್ಟು ಕಡಲೆ, ಜೋಳ, ಹತ್ತಿ. ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಮುಗಿಸಿ, ಮುಂದಿನ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು, ಕಲಘಟಗಿಯ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಬಂದೆ. ಒಂದು ವರ್ಷ ಇದ್ದು ಹೋಗುವ ಲೆಕ್ಕ. ಮನುಷ್ಯನ ನೆನಪು ಪೆಟ್ಟಿಗೆಯಲ್ಲಿಟ್ಟ ವಸ್ತುವಿನ ಹಾಗಿರುವುದಿಲ್ಲ, ನೆನೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ವಿದ್ಯಾರ್ಥಿಗಳು ಆಕಳಿಸುತ್ತಿದ್ದರು. ನನಗೆ ಆ ಮಾತು ಬಹಳ ಇಷ್ಟವಾಗಿತ್ತು — ಯಾವುದನ್ನೂ ನಂಬದಿರಲು ಅದೊಂದು ಒಳ್ಳೆಯ ಕಾರಣ. ಮುಂದೆ ಅದೇ ಮಾತಿನ ಹಿಂದೆ ನಾನು ಅಡಗಿ ಕೂರುತ್ತೇನೆಂದು ಆಗ ಗೊತ್ತಿರಲಿಲ್ಲ.

ನನ್ನ ಬಾಡಿಗೆ ಕೋಣೆಯ ಎದುರೇ ದಾವಲಸಾಬನ ಮನೆ. ಮುಂದಿನ ಪಡಸಾಲೆಯಲ್ಲಿ ತೊಟ್ಟಿಲು ಮಾಡುವ ಕೆಲಸ. ಕಟ್ಟಿಗೆಯ ಕೆಲಸ ದಾವಲನದು, ಬಣ್ಣದ ಕೆಲಸ ಅವನ ಅಕ್ಕ ಹಜರತಬಿಯದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವರು ಆಕೆ. ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಅರಗನ್ನು ಬೆಂಕಿಗೆ ಹಿಡಿದು, ಅದರಲ್ಲಿ ಬಣ್ಣ ಕಲಸಿ, ಕಡ್ಡಿ ಮಾಡಿ ಆರಿಸುತ್ತಿದ್ದರು. ಆ ವಾಸನೆ — ಸುಟ್ಟ ಸಕ್ಕರೆಯೂ ಅಲ್ಲದ, ಹಸಿ ಗೋಂದೂ ಅಲ್ಲದ ಆ ವಾಸನೆ — ಸಂಜೆ ಕಾಲೇಜು ಮುಗಿಸಿ ಓಣಿಗೆ ತಿರುಗಿದ ಕೂಡಲೇ ಮೂಗಿಗೆ ಬರುತ್ತಿತ್ತು. ಅದು ಬಂದರೆ ಮನೆಗೆ ಬಂದೆ ಅನ್ನಿಸುತ್ತಿತ್ತು. ನನ್ನ ಸ್ವಂತ ಮನೆಯ ವಾಸನೆ ಯಾವುದೆಂದು ಕೇಳಿದರೆ ಈಗಲೂ ಹೇಳಲಾರೆ.

ದಾವಲ ನನ್ನ ವಯಸ್ಸಿನವನೇ. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಂದಿ ಮನಸ್ಸಿನ್ಯಾಗ ಏನೈತಿ ಅಂತ ಹೇಳೂ ಮಾಸ್ತರ ನೀನ ಏನು? ಹೇಳು ನೋಡೂಣು, ನನ್ನ ಮನಸ್ಸಿನ್ಯಾಗ ಏನೈತಿ?" ಎಂದಿದ್ದ.

"ಚಾ ಐತಿ" ಅಂದೆ.

"ಅಕ್ಕಾ, ಇಂವ ಖರೇನ ಕಲ್ತಾನ. ಎರಡು ಚಾ ಮಾಡು!"

ಅಂದಿನಿಂದ ಎಷ್ಟು ಸಂಜೆಗಳು ಆ ಪಡಸಾಲೆಯಲ್ಲಿ ಕಳೆದವೋ. ಅವನು ಕೆಲಸ ಮಾಡುತ್ತ ಮಾತಾಡುತ್ತಿದ್ದ, ನಾನು ಕೆಲಸವಿಲ್ಲದೆ ಮಾತಾಡುತ್ತಿದ್ದೆ. ದೇವರು ಇದ್ದಾನೋ ಇಲ್ಲವೋ, ಕನಸು ಯಾಕೆ ಬೀಳುತ್ತದೆ, ಮೊರಬದ ಎಮ್ಮೆಗೂ ಕಲಘಟಗಿಯ ಎಮ್ಮೆಗೂ ಹಾಲಿನಲ್ಲಿ ಏನು ವ್ಯತ್ಯಾಸ — ಎಲ್ಲವೂ. ಅವನು ದೊಡ್ಡ ಬಡಾಯಿಗಾರ. ಮಾಡದ ಕೆಲಸವನ್ನೂ ಮಾಡಿದ್ದೇನೆ ಎನ್ನುತ್ತಿದ್ದ, ಹೇಳಿದ ದಿನಕ್ಕೆ ಒಂದು ತೊಟ್ಟಿಲನ್ನೂ ಕೊಡುತ್ತಿರಲಿಲ್ಲ, ಗಿರಾಕಿ ಬಂದರೆ ಹಿತ್ತಲ ಬಾಗಿಲಿಂದ ಪರಾರಿ. ಅಕ್ಕ ಬೈಸಿಕೊಳ್ಳುತ್ತಿದ್ದರು. ಆದರೂ ಅವನು ಎದುರಿಗಿದ್ದಷ್ಟು ಹೊತ್ತು, ಬೇರೆಲ್ಲಿಗೋ ಹೋಗಬೇಕು ಎಂಬ ನನ್ನ ಹಳೆಯ ಕಾಯಿಲೆ ತೆಪ್ಪಗಿರುತ್ತಿತ್ತು.

ಆ ಕಾಯಿಲೆ ಅವನಿಗೂ ಇತ್ತೆಂದು ತಿಳಿದದ್ದು ತಡವಾಗಿ. ಒಂದು ದಿನ ಮುಗಿದ ತೊಟ್ಟಿಲನ್ನು ನೇತುಹಾಕಿ, ಬೆರಳಿನಿಂದ ಮೆಲ್ಲಗೆ ತಳ್ಳಿ, ಅದು ನಿಲ್ಲುವ ತನಕ ನೋಡಿದ.

"ತೊಟ್ಟಲಾ ಎಷ್ಟ ತೂಗಿದ್ರೂ ಇದ್ದಲ್ಲೇ ಇರ್ತೈತಿ ಮಾಸ್ತರ. ನನಗ ಹೋಗೂ ಅಂಥದ್ದು ಒಂದು ಮಾಡಬೇಕಾಗೈತಿ."

ಅವನ ತಾಯಿಯ ತಂಗಿಯ ಗಂಡ — ಅವನು ಖಾಲು ಎನ್ನುತ್ತಿದ್ದ — ಕಾರವಾರದ ಕಡೆ ಸಮುದ್ರದ ದಂಡೆಯಲ್ಲಿ ಮೀನುಗಾರರ ದೋಣಿ ಕಟ್ಟುವ ಕೆಲಸ ನಡೆಸುತ್ತಿದ್ದರು. ದಾವಲ ಅವರಿಗೆ ಫೋನು ಮಾಡಿ, ನನ್ನನ್ನು ಅಲ್ಲಿ ಸೇರಿಸಿಕೊಳ್ಳಿ ಎಂದು ಕೇಳಿದ್ದ. ಅವರು ನಕ್ಕರಂತೆ. "ತೊಟ್ಟಲಾ ಮಾಡಾಂವಗ ದೋಣಿ ಯಾರ ಕೊಡ್ತಾರಲೇ? ಮೊದಲ ಒಂದು ಸಣ್ಣ ದೋಣಿ ಕಟ್ಟು. ನಾನ ಬಂದು ನೋಡ್ತೀನಿ. ನೀರ ಮ್ಯಾಲೆ ನಿಂತ್ರ ಅವತ್ತ ಕರಕೊಂಡ ಹೋಗ್ತೀನಿ" ಅಂದರಂತೆ.

ಹೀಗೆ ಶುರುವಾಯಿತು ದೋಣಿ. ಅವನ ಮೊಬೈಲಿನಲ್ಲಿ ಯಾವುದೋ ದೂರದೇಶದ ಮುದುಕನೊಬ್ಬ ತನ್ನ ಹಿತ್ತಲಲ್ಲಿ ದೋಣಿ ಕಟ್ಟುವ ವಿಡಿಯೋಗಳು. ಮಾತೆಲ್ಲ ಇಂಗ್ಲಿಷು. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಬೇಕು. ಎಷ್ಟೋ ಶಬ್ದ ನನಗೂ ತಿಳಿಯುತ್ತಿರಲಿಲ್ಲ, ಆದರೆ ತಿಳಿಯದು ಎಂದು ಹೇಳುತ್ತಿರಲಿಲ್ಲ. ಅಳ್ನಾವರದ ಕಟ್ಟಿಗೆ ಅಡ್ಡೆಯಿಂದ ಸಾಗವಾನಿ ಹಲಗೆಗಳನ್ನು ತಂದ. ಇಬ್ಬರು ಎದುರುಬದುರು ಕೂತರೆ ಮೊಣಕಾಲು ತಾಗುವಷ್ಟು ಸಣ್ಣ, ಚಪ್ಪಟೆ ತಳದ ದೋಣಿ. ಹಲಗೆಗೆ ಹಲಗೆ ಕೂಡುವ ಸಂದಿಗಳಲ್ಲಿ ಹತ್ತಿಯ ನೂಲನ್ನು ಅಗಸೆ ಎಣ್ಣೆಯಲ್ಲಿ ಅದ್ದಿ, ಹೊಸೆದು, ಮೊಂಡು ಉಳಿಯಿಂದ ಬಡಿದು ತುಂಬಬೇಕು. ಮೇಲೆ ಮೇಣ ಮತ್ತು ರಾಳ. ಆ ನೂಲು ತುಂಬುವ ಕೆಲಸವನ್ನು ಅವನು ನನಗೆ ಕೊಟ್ಟ. ಜೀವನದಲ್ಲಿ ಮೊದಲ ಸಲ ನನ್ನ ಕೈಯಿಂದ ಒಂದು ವಸ್ತು ಆಗುತ್ತಿತ್ತು. ಸಂದಿಯಿಂದ ಸಂದಿಗೆ ಮಂಡಿಯೂರಿ ಹೋಗುತ್ತಿದ್ದೆ. ಬೆರಳಿನ ತುದಿಯಲ್ಲಿ ದಿನವಿಡೀ ಅಗಸೆ ಎಣ್ಣೆಯ ವಾಸನೆ. ತರಗತಿಯಲ್ಲಿ ಪಾಠ ಮಾಡುತ್ತ ಬೆರಳನ್ನು ಮೂಗಿನ ಹತ್ತಿರ ಒಯ್ಯುತ್ತಿದ್ದೆ.

ಹೊರಮೈಗೆ ಡಾಂಬರು ಬಳಿಯಬೇಕು ಎಂದು ವಿಡಿಯೋದ ಮುದುಕ ಹೇಳಿದ್ದ. ನಾನು ಅದನ್ನು ಹೇಳಿದಾಗ ಹಜರತಬಿ ಅಕ್ಕ ಕುಂಚ ಕೆಳಗಿಟ್ಟರು.

"ಡಾಂಬರಾ? ನೀವೇನ್ ರಸ್ತೆ ಮಾಡಾಕ ಹೊಂಟೀರೇನ್ರಿ ಮಾಸ್ತರ? ಬಣ್ಣಾ ಇಲ್ಲದ ಕಟ್ಟಿಗಿ ಈ ಮನಿ ಹೊಚ್ಚಲಾ ದಾಟಂಗಿಲ್ಲ. ನಮ್ಮ ಅಜ್ಜನ ಕಾಲದಿಂದ ದಾಟಿಲ್ಲ."

"ಅಕ್ಕಾ, ಇದು ನೀರಿಗೆ ಇಳಿಯೂ ವಸ್ತು. ಅರಗು—"

"ತೊಟ್ಟಲಾ ನೀರು ಕಂಡಿಲ್ಲೇನ್ರಿ? ಕೂಸು ದಿನಾ ಎಷ್ಟ ಸಲ ತೋಯ್ಸತೈತಿ ಅನ್ನೂದು ಲಗ್ನಾ ಆಗದ ಮಾಸ್ತರಗ ಏನ ಗೊತ್ತು! ನಾಕು ಕೂಸು ಮಲಗಿ ಎದ್ದ ತೊಟ್ಟಲಾ ತಂದು ತೋರಿಸ್ತೀನಿ, ಅರಗು ಏಳಿಸಿ ತೋರ್ಸ್ರಿ."

ದಾವಲ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ದೋಣಿಗೆ ಅರಗೇ ಹಚ್ಚಿದರು. ಕೆಂಪು ಮೈ, ಹಸಿರು ಅಂಚು, ಹಳದಿ ಬಳ್ಳಿ, ಮೂತಿಯ ಎರಡೂ ಬದಿಗೆ ಒಂದೊಂದು ಗಿಣಿ. ನೋಡಿದವರು ಇದು ಯಾವ ಮಗುವಿನ ತೊಟ್ಟಿಲು ಎಂದು ಕೇಳುತ್ತಿದ್ದರು. ಅಷ್ಟು ಚಂದದ ವಸ್ತುವನ್ನು ನಾನು ಆಮೇಲೆ ನೋಡಿಲ್ಲ. ಇದು ನೆನಪಿನ ಉತ್ಪ್ರೇಕ್ಷೆ ಇರಬಹುದು.

ದೋಣಿ ಮುಗಿಯುತ್ತ ಬಂದಂತೆ ನನಗೆ ಒಂದು ಮಾತು ಅರಿವಾಗತೊಡಗಿತು. ಇಷ್ಟು ದಿನ ನಾನು ಕಟ್ಟುತ್ತಿದ್ದದ್ದು ಅವನು ನನ್ನನ್ನು ಬಿಟ್ಟು ಹೋಗುವ ಬಂಡಿಯನ್ನು. ಅವನು ಆಗಲೇ ಕಾರವಾರದಲ್ಲಿದ್ದ ಹಾಗೆ ಮಾತಾಡುತ್ತಿದ್ದ. ಅಲ್ಲಿ ಸಮುದ್ರದ — ಅವನ ಬಾಯಲ್ಲಿ ಅದು ದರ್ಯಾ — ಗಾಳಿ ಉಪ್ಪಾಗಿರುತ್ತದೆಯಂತೆ, ಕಬ್ಬಿಣದ ಮೊಳೆ ತಿಂಗಳಲ್ಲಿ ತುಕ್ಕು ಹಿಡಿಯುತ್ತದೆಯಂತೆ. "ನೀ ರಜಾದಾಗ ಬಾ ಮಾಸ್ತರ, ನನ್ನ ಕೈಯಾಗಿನ ದೋಣ್ಯಾಗ ಕುಂದ್ರಿಸಿ ದರ್ಯಾ ತೋರಿಸ್ತೀನಿ" ಎಂದ. ರಜೆಯಲ್ಲಿ ಬಾ. ಆ ಒಂದು ಮಾತಿಗೆ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೋಗಬೇಡ ಎಂದು ಹೇಳಬಹುದಿತ್ತು. ನೀನು ಹೋದರೆ ಈ ಊರಲ್ಲಿ ನನಗೆ ಯಾರಿದ್ದಾರೆ ಎಂದು ಕೇಳಬಹುದಿತ್ತು. ಓದಿದವನು ನಾನು, ಮನಸ್ಸಿನ ಬಗ್ಗೆ ಪಾಠ ಮಾಡುವವನು — ಆ ಒಂದು ವಾಕ್ಯ ನನ್ನ ಬಾಯಿಂದ ಬರಲಿಲ್ಲ.

ಖಾಲು ಭಾನುವಾರ ಬರುವವರಿದ್ದರು. ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ ದಾವಲ ಜುಮ್ಮಾ ನಮಾಜಿಗೆ ಹೋದ. ಅಕ್ಕ ಒಳಗೆ ಅಡಿಗೆಯಲ್ಲಿದ್ದರು. ನಾನು ಪಡಸಾಲೆಯಲ್ಲಿ ದೋಣಿಯ ಹತ್ತಿರ ಒಬ್ಬನೇ.

ಇಲ್ಲಿಂದ ಮುಂದೆ ನನಗೆ ನನ್ನ ಮೇಲೆ ನಂಬಿಕೆ ಇಲ್ಲ. ಕೂರುವ ಅಡ್ಡಹಲಗೆಯ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ತಳದ ಸಂದಿಗೆ ಉಳಿಯ ಮೂಲೆ ತಾಗಿಸಿದ್ದು ನೆನಪಿದೆ. ಮೇಣ ಚಕ್ಕೆಯಾಗಿ ಎದ್ದದ್ದು, ಎಣ್ಣೆ ಕುಡಿದ ನೂಲು ಬೆರಳಿಗೆ ಸಿಕ್ಕಿ ಗೇಣುದ್ದ ಹೊರಬಂದದ್ದು, ಅದು ಹುಳದ ಹಾಗೆ ಅಂಗೈಯಲ್ಲಿ ಸುರುಳಿಯಾಗಿ ಬಿದ್ದದ್ದು — ಇವೆಲ್ಲ ನೆನಪಿದೆ. ನಾನೇ ತುಂಬಿದ ನೂಲು. ಹೊರಗಿನ ಅರಗು ಹಾಗೇ ಇತ್ತು, ಅದು ಸಂದಿಯ ಮೇಲೆ ತೆಳ್ಳಗೆ ಚರ್ಮದಂತೆ ನಿಂತಿತ್ತು. ಆಮೇಲೆ? ನೂಲನ್ನು ಮರಳಿ ತುರುಕಿದೆನೇ? ತುರುಕಿದ್ದು ಕೂಡ ನೆನಪಿದೆ. ಎರಡೂ ನೆನಪುಗಳು ಒಂದೇ ಬೆಳಕಿನಲ್ಲಿವೆ, ಒಂದೇ ವಾಸನೆಯಲ್ಲಿವೆ. ಎರಡೂ ಸುಳ್ಳಾಗಿರಬಹುದು. ನಿಜ ಒಂದೇ ಇರಬೇಕು, ಆದರೆ ಯಾವುದು ಎಂದು ಮೊನ್ನೆಯ ತನಕ ಗೊತ್ತಿರಲಿಲ್ಲ. ದೋಣಿ ಮುಳುಗಿದ ಕೆರೆಯ ತುಂಬ ತಾವರೆ ಅರಳಿದ್ದವು ಎಂದೂ ನನಗೆ ಅಷ್ಟೇ ಸ್ಪಷ್ಟವಾಗಿ ನೆನಪಿತ್ತು. ಮೊನ್ನೆ ಅಕ್ಕನನ್ನು ಕೇಳಿದೆ. "ಆ ಕೆರ್‍ಯಾಗ ಎಂದೂ ತಾವರಿ ಇದ್ದಿಲ್ರಿ ಮಾಸ್ತರ. ಎಮ್ಮಿ ಇದ್ವು" ಎಂದರು.

ಭಾನುವಾರದ್ದು ಮಾತ್ರ ಎಲ್ಲರ ನೆನಪು. ದೋಣಿಯನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಾಸಿಗೆ ಹಾಸಿ ಮಲಗಿಸಿ, ಊರಾಚೆಯ ಹಳ್ಳಿಯ ಕೆರೆಗೆ ಒಯ್ದೆವು. ಓಣಿಯ ಜನ, ಹಳ್ಳಿಯ ಜನ, ದನ ಕಾಯುವವರು, ಎಲ್ಲ ದಂಡೆಯ ಮೇಲೆ. ಖಾಲು ಬಸ್ಸಿಳಿದು ನೇರ ಅಲ್ಲಿಗೇ ಬಂದರು. ದಪ್ಪನೆಯ ಮನುಷ್ಯ, ಲುಂಗಿ ಎತ್ತಿ ಕಟ್ಟಿದ್ದರು. ದೋಣಿಯ ಸುತ್ತ ಎರಡು ಸುತ್ತು ಹಾಕಿ, ಮೈ ಮೇಲೆ ಕೈ ಆಡಿಸಿದರು.

"ಲೇ ದಾವಲ, ಇದಕ್ಕ ಗೊಂಡೇ ಕಟ್ಟೂದ ಮರತೀ ಏನಲೇ?"

ಜನ ನಕ್ಕರು. ಅಷ್ಟರಲ್ಲಿ ಅಕ್ಕ ಸೆರಗಿನಲ್ಲಿ ಮುಚ್ಚಿ ತಂದಿದ್ದ ಗುಂಡುಕಲ್ಲನ್ನು, ಅರೆಯುವ ಆ ಕರೀ ಕಲ್ಲನ್ನು, ಬಟ್ಟೆಯಲ್ಲಿ ಸುತ್ತಿ ದೋಣಿಯ ನಡುವೆ ಮಲಗಿಸಿದರು. ಈ ಸೀಮೆಯಲ್ಲಿ ಹೊಸ ತೊಟ್ಟಿಲಿಗೆ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ಹಾಕಿ ತೂಗುತ್ತಾರೆ, ಖಾಲಿ ತೂಗುವುದಿಲ್ಲ. ಗಿರಾಕಿಗಳ ಮನೆಯಲ್ಲಿ ನೋಡಿ ನೋಡಿ ಅಕ್ಕನಿಗೂ ಅದು ಕೆಲಸದ ಒಂದು ಭಾಗವೇ ಆಗಿತ್ತು. ದೋಣಿಯ ಅಂಚು ಹಿಡಿದು ನಾಲ್ಕು ಸಲ ತೂಗಿದರು. "ಈಗ ಬಿಡ್ರಿ" ಎಂದರು. ಖಾಲು ತಲೆ ಚಚ್ಚಿಕೊಂಡರು, ಆದರೆ ಅವರ ಮುಖದಲ್ಲೂ ನಗು.

ದೋಣಿ ನೀರಿಗಿಳಿಯಿತು. ನಿಂತಿತು. ದಾವಲ ಹತ್ತಿ ಕೂತ, ಬಿದಿರಿನ ಗಳದಿಂದ ದಂಡೆಯನ್ನು ನೂಕಿದ. ದೋಣಿ ಹೊರಟಿತು. ಕೆಂಪು, ಹಸಿರು, ಹಳದಿ ಎಲ್ಲ ನೀರಿನಲ್ಲಿ ತಲೆಕೆಳಗಾಗಿ ಅದರ ಜೊತೆಗೇ ಹೊರಟವು. ಅವನು ತಿರುಗಿ ನೋಡಿ, ಗಳ ಎತ್ತಿ ಕೂಗಿದ:

"ಮಾಸ್ತರ, ಹೊಂಟೈತಿ! ನೋಡು, ಹೊಂಟೈತಿ!"

ಎಲ್ಲರನ್ನೂ ಬಿಟ್ಟು ನನ್ನನ್ನು ಕರೆದ. ಅಕ್ಕನನ್ನೂ ಕರೆಯಲಿಲ್ಲ, ಖಾಲುವನ್ನೂ ಕರೆಯಲಿಲ್ಲ. ಈಗಲೂ ಒಮ್ಮೊಮ್ಮೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಆ ಕೂಗು ಕೇಳುತ್ತದೆ. ಆ ಗಳಿಗೆಗೆ ಮರಳಿ ಹೋಗುವ ಹಾಗಿದ್ದರೆ — ಇರಲಿ.

ಆಮೇಲೆ ಅವನು ಬಗ್ಗಿ ಕಾಲಿನ ಹತ್ತಿರ ನೋಡಿದ. ಬೊಗಸೆಯಿಂದ ನೀರು ತೋಡಿ ಚೆಲ್ಲತೊಡಗಿದ. ದೋಣಿ ಒಂದು ಬದಿಗೆ ವಾಲಿತು, ಗುಂಡುಕಲ್ಲು ಆ ಬದಿಗೇ ಉರುಳಿತು. ಗಿಣಿಗಳಿದ್ದ ಮೂತಿ ಒಮ್ಮೆ ಮೇಲೆದ್ದು, ಮೆಲ್ಲಗೆ, ಯಾವ ಅವಸರವೂ ಇಲ್ಲದೆ ಕೆಳಗಿಳಿಯಿತು. ನೀರು ಎದೆಮಟ್ಟ ಅಷ್ಟೇ. ಅವನು ಅಲ್ಲೇ ನಿಂತಿದ್ದ. ದಂಡೆಯ ಮೇಲಿನ ಜನ ಮೊದಲು ಕೂಗಿದರು, ಆಮೇಲೆ ಅಪಾಯವಿಲ್ಲವೆಂದು ತಿಳಿದು ನಕ್ಕರು. "ಕೂಸಿಗೆ ಜಳಕಾ ಆತು!" ಎಂದ ಯಾರೋ.

ಹಗ್ಗ ಹಾಕಿ ದೋಣಿ ಎಳೆದು ತಂದೆವು. ತಳ ಮೇಲೆ ಮಾಡಿ ಮಲಗಿಸಿದಾಗ ಒಂದು ಸಂದಿಯ ಉದ್ದಕ್ಕೆ ಅರಗು ಸೀಳಿದ್ದು ಕಂಡಿತು. ಖಾಲು "ಏನಾತಿದು?" ಎಂದರು. ದಾವಲ ನನ್ನ ಮುಖ ನೋಡಿದ. ಅಕ್ಕ ನನ್ನ ಮುಖ ನೋಡಿದರು. ವಿಡಿಯೋ ನೋಡಿ ಅರ್ಥ ಹೇಳಿದವನು ನಾನು, ಓದಿದವನು ನಾನು.

ಆಗ ಹೇಳಿದೆ:

"ಅರಗು ಸೀಳೇತಿ ದಾವಲ. ಅರಗು ತೊಟ್ಟಲಕ್ಕಷ್ಟ. ನೀರಿಗೆ ನಿಂದ್ರಂಗಿಲ್ಲ."

ಈ ಮಾತು ನನಗೆ ಚೆನ್ನಾಗಿ ನೆನಪಿದೆ, ಬೇರೆಯವರಿಗೂ ನೆನಪಿದೆ. ಅಡ್ಡಹಲಗೆಯ ಕೆಳಗೆ ಒಳಗಿನಿಂದ ನೋಡಿ ಎಂದು ಹೇಳಬಹುದಿತ್ತು. ಒಂದು ಕ್ಷಣ ಸುಮ್ಮನಿದ್ದರೂ ಸಾಕಿತ್ತು, ಖಾಲು ತಾವೇ ನೋಡುತ್ತಿದ್ದರು. ನಾನು ಅಷ್ಟು ಖಚಿತವಾಗಿ, ಅಷ್ಟು ಬೇಗ ಹೇಳಿದ್ದರಿಂದ ಯಾರೂ ನೋಡಲಿಲ್ಲ. ಖಾಲು ದಾವಲನ ಹೆಗಲ ಮೇಲೆ ಕೈಯಿಟ್ಟು, "ಮಾಸ್ತರ ಹೇಳೂದು ಖರೇ ಐತಿ. ಕಟ್ಟಿಗಿ ಕೆಲಸಾ ಛಲೋ ಮಾಡೀ ಬೇಟಾ. ಆದ್ರ ಅಲ್ಲಿ ನಿನ್ನ ದೋಣಿ ನಂಬಿ ಮಂದಿ ದರ್ಯಾದಾಗ ಹೋಗ್ತಾರ" ಎಂದರು. ಸಂಜೆಯ ಬಸ್ಸಿಗೆ ಹೊರಟುಹೋದರು. ದಾವಲ ಹೋಗಲಿಲ್ಲ. ನನಗೆ ಬೇಕಾದದ್ದು ಆಯಿತು.

ಆದರೆ ನಾನು ಹೊಡೆದ ಕಲ್ಲು ಒಬ್ಬರಿಗಷ್ಟೇ ತಾಗಲಿಲ್ಲ. ಟ್ರೇಲರಿನಲ್ಲಿ ಮರಳುವಾಗ ಅಕ್ಕ ಒದ್ದೆ ದೋಣಿಯ ಪಕ್ಕದಲ್ಲಿ ಕೂತು, ಉಗುರಿನ ಸಂದಿಯ ಕೆಂಪು ಅರಗನ್ನು ಇನ್ನೊಂದು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು. ಆ ತಿಂಗಳೇ ಅವರು ಅರಗು ಕಾಯಿಸುವುದನ್ನು ಬಿಟ್ಟರು. ಅಂಗಡಿಯ ಡಬ್ಬಿಯ ಬಣ್ಣ ತಂದರು. ಯಾಕೆ ಅಕ್ಕಾ ಎಂದು ಕೇಳಿದ ನೆರೆಯವರಿಗೆ, "ನೀರಿಗೆ ನಿಂದ್ರದ್ದನ್ನ ಕೂಸಿನ ಬುಡಕ ಯಾಕ ಹಾಕೂದ್ರಿ?" ಎಂದರು. ನಾನು ಅಲ್ಲೇ ಕೂತಿದ್ದೆ. ಚಹಾ ಕುಡಿಯುತ್ತಿದ್ದೆ. ಓಣಿಗೆ ತಿರುಗಿದರೆ ಬರುತ್ತಿದ್ದ ಆ ವಾಸನೆ ನಿಂತುಹೋಯಿತು. ಅದನ್ನು ನಿಲ್ಲಿಸಿದವನೂ ನಾನೇ, ಕಳೆದುಕೊಂಡವನೂ ನಾನೇ.

ದೋಣಿಯನ್ನು ಹಿತ್ತಲಿನ ಚಪ್ಪರದ ಕೆಳಗೆ ಬೋರಲು ಹಾಕಿದರು. ಮಳೆಗಾಲದ ಒಂದು ಮಧ್ಯಾಹ್ನ ದಾವಲ ಅದರ ಬೆನ್ನ ಮೇಲೆ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವನ ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು. ಏನಾಯಿತು ಎಂದೆ. "ಚಾ ಚೆಲ್ತು" ಎಂದ. ಆಮೇಲೆ, ನನ್ನ ಕಡೆ ನೋಡದೆ, ಕೇಳಿದ:

"ಮಾಸ್ತರ, ಅರಗು ಖರೇನ ನೀರಿಗೆ ನಿಂದ್ರಂಗಿಲ್ಲೇನು?"

"ಇಲ್ಲ" ಅಂದೆ.

"ಹೌದಲ್ಲ" ಎಂದ. ಬಹಳ ಮೆತ್ತಗೆ ಎಂದ. ಎದ್ದು ಒಳಗೆ ಹೋದ.

ಅದಾದ ಮೇಲೆ ಅವನು ಬದಲಾದ ಎಂದು ನನಗೆ ಅನಿಸಿತ್ತೋ, ಅಥವಾ ಈಗ ಹಿಂತಿರುಗಿ ನೋಡಿ ಹಾಗೆ ಅನಿಸುತ್ತಿದೆಯೋ, ತಿಳಿಯದು. ಚಹಾ ಕೊಡುತ್ತಿದ್ದ, ಮಾತಾಡುತ್ತಿದ್ದ. ಬಡಾಯಿ ಮಾತ್ರ ಕೊಚ್ಚುತ್ತಿರಲಿಲ್ಲ. ಹೇಳಿದ ದಿನಕ್ಕೆ ತೊಟ್ಟಿಲು ಕೊಡತೊಡಗಿದ. ವರ್ಷ ತುಂಬುವುದರೊಳಗೆ ಅಳ್ನಾವರದಲ್ಲಿ ಬಾಗಿಲು ಕಿಟಕಿ ಮಾಡುವ ಕೆಲಸಕ್ಕೆ ಹೋದ. ಅಲ್ಲೇ ಲಗ್ನವಾದ, ಅಲ್ಲೇ ಮನೆ ಮಾಡಿದ. ನಾನು ಸಮುದ್ರದಿಂದ ತಡೆದು ಇಟ್ಟುಕೊಂಡ ಗೆಳೆಯ, ನನ್ನ ಹತ್ತಿರವೂ ಉಳಿಯಲಿಲ್ಲ. ಹಬ್ಬಕ್ಕೆ ಫೋನು ಮಾಡಿದರೆ ಎತ್ತುತ್ತಾನೆ, "ಆರಾಮ್ರಿ ಮಾಸ್ತರ" ಎನ್ನುತ್ತಾನೆ. ಆ 'ರಿ' ಯಾವಾಗ ಬಂದು ಸೇರಿತೋ ನನಗೆ ಗೊತ್ತಾಗಲಿಲ್ಲ. ಮೊದಲು ಇರಲಿಲ್ಲ.

ಒಂದು ವರ್ಷಕ್ಕೆಂದು ಬಂದ ನಾನು ಇನ್ನೂ ಇದೇ ಸೀಮೆಯ ಕಾಲೇಜುಗಳಲ್ಲಿ ಅತಿಥಿಯಾಗಿ ತಿರುಗುತ್ತಿದ್ದೇನೆ. ಈಗಿರುವುದು ಹುಬ್ಬಳ್ಳಿಯಲ್ಲಿ. ಬಿಡುವಿದ್ದಾಗ ಮೊಬೈಲಿನಲ್ಲಿ ದೋಣಿ ಕಟ್ಟುವ ವಿಡಿಯೋ ನೋಡುತ್ತೇನೆ. ಅದೇ ಮುದುಕ, ಇನ್ನಷ್ಟು ಮುದುಕನಾಗಿದ್ದಾನೆ. ಅವನ ಮಾತಿನ ಅರ್ಥ ಹೇಳಲು ಪಕ್ಕದಲ್ಲಿ ಯಾರೂ ಇಲ್ಲ.

ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದು ಇದು: ನೂಲು ಕಿತ್ತದ್ದು ಖಚಿತವಿಲ್ಲ. ಖಚಿತವಿಲ್ಲದ್ದನ್ನು ಒಪ್ಪಿಕೊಳ್ಳುವುದೂ ಒಂದು ಸುಳ್ಳೇ. ಎಷ್ಟು ಅಚ್ಚುಕಟ್ಟಾದ ತರ್ಕ! ಆದರೆ ಖಚಿತ ಮಾಡಿಕೊಳ್ಳಲು ಬೇಕಾದ ವಸ್ತು ಕಲಘಟಗಿಯ ಒಂದು ಹಿತ್ತಲಿನಲ್ಲಿ ಬೋರಲು ಬಿದ್ದಿತ್ತು, ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. ನಾನು ಹೋಗಲಿಲ್ಲ. ಸಂಶಯ ಪಡುವವನು ಪರೀಕ್ಷೆ ಮಾಡಬೇಕು. ನಾನು ಪರೀಕ್ಷೆಗೆ ಹೆದರಿ ಸಂಶಯವನ್ನು ಸಾಕಿಕೊಂಡಿದ್ದೆ.

ಮೊನ್ನೆ ಹೋದೆ. ಯಾಕೆ ಈಗ ಎಂದು ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ. ನಮ್ಮ ಕಾಲೇಜಿನ ಒಬ್ಬರ ಮನೆಯಲ್ಲಿ ಹೆಸರಿಡುವ ದಿನ, ಹಳೆಯ ಕಲಘಟಗಿ ತೊಟ್ಟಿಲೊಂದನ್ನು ಅಟ್ಟದಿಂದ ಇಳಿಸಿದ್ದರು. ನನ್ನ ವಯಸ್ಸಿಗಿಂತ ಹಳೆಯದು. ಒದ್ದೆ ಬಟ್ಟೆಯಿಂದ ಒರೆಸಿದಾಗ ಅರಗಿನ ಕೆಂಪು ನಿನ್ನೆ ಹಚ್ಚಿದಂತೆ ಎದ್ದು ಬಂತು. ಅದಕ್ಕೆ ಮೂಗು ತಾಗಿಸಿದೆ. ಜನ ವಿಚಿತ್ರವಾಗಿ ನೋಡಿದರು.

ಹಜರತಬಿ ಅಕ್ಕ ಈಗಲೂ, ಬೇರೆಯವರು ಮಾಡಿಕೊಟ್ಟ ತೊಟ್ಟಿಲಿಗೆ ಡಬ್ಬಿಯ ಬಣ್ಣ ಹಚ್ಚುತ್ತಿದ್ದಾರೆ. ಕನ್ನಡಕ ಬಂದಿದೆ. ನನ್ನನ್ನು ಕಂಡು, "ಬರ್ರಿ ಬರ್ರಿ, ದಾರಿ ತಪ್ಪಿ ಬಂದೀರೇನು?" ಎಂದರು. ಚಹಾ ಬರುವ ಮೊದಲೇ ಹೇಳಿದೆ. ಶುಕ್ರವಾರದ್ದು, ಉಳಿಯದ್ದು, ನೂಲಿನದ್ದು. ಕೆರೆಯ ದಂಡೆಯ ಮಾತು ಗೊತ್ತಿದ್ದೇ ಹೇಳಿದ ಸುಳ್ಳು ಎಂದು. ನೂಲು ಕಿತ್ತದ್ದು ಮಾತ್ರ ಖಂಡಿತ ನೆನಪಿಲ್ಲ ಎಂದೂ ಸೇರಿಸಿದೆ — ಆಗಲೂ ಸೇರಿಸಿದೆ.

ಅಕ್ಕ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ ಇಟ್ಟರು. ಬೈಯಲಿಲ್ಲ. "ನೆನಪಿಲ್ಲಂದ್ರ ನೋಡ್ರಿ. ದೋಣಿ ಎಲ್ಲಿ ಓಡಿ ಹೋಗೈತಿ?" ಎಂದರು.

ಹಿತ್ತಲಿನಲ್ಲಿ ಅದರ ಮೇಲೆ ಕಟ್ಟಿಗೆಯ ಚೂರು ಪೇರಿಸಿದ್ದರು. ಇಳಿಸಿ, ಇಬ್ಬರೂ ಸೇರಿ ದೋಣಿಯನ್ನು ಅಂಗಾತ ತಿರುಗಿಸಿದೆವು. ಹೊರಗಿನ ಬಣ್ಣ ಮಾಸಿತ್ತು, ಒಂದು ಗಿಣಿಗೆ ಕೊಕ್ಕು ಉಳಿದಿರಲಿಲ್ಲ. ನಾನು ಅಡ್ಡಹಲಗೆಯ ಕೆಳಗೆ ಕೈ ಹಾಕಿ ಸಂದಿಯನ್ನು ಸವರುತ್ತ ಹೋದೆ. ನೂಲು, ನೂಲು, ನೂಲು. ಆಮೇಲೆ ನೂಲು ಇರಲಿಲ್ಲ. ಒಂದು ಗೇಣಿನಷ್ಟು ಉದ್ದಕ್ಕೆ ಬೇರೇನೋ, ನುಣ್ಣಗೆ, ತಣ್ಣಗೆ, ಗಟ್ಟಿಯಾಗಿ. ಮೊಬೈಲಿನ ಬೆಳಕು ಹಿಡಿದೆ. ಕೆಂಪು ಅರಗು. ಕಾಯಿಸಿ, ಸಂದಿಯ ಆಳಕ್ಕೆ ಇಳಿಸಿ, ಹೆಬ್ಬೆರಳಿನಿಂದ ಒತ್ತಿ ತುಂಬಿದ್ದು. ಬೆರಳಿನ ಗುರುತು ಹಾಗೇ ಇತ್ತು.

ಅಕ್ಕ ಬಗ್ಗಿ ನೋಡಿದರು. "ಇದು ನನ್ನ ಅರಗು. ನಾನು ಹಾಕಿದ್ದಲ್ಲ. ದಾವಲ ಹಾಕ್ಯಾನ" ಎಂದರು.

ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ. ಚೆಲ್ಲಿದ್ದು ಚಹಾ ಆಗಿರಲಿಲ್ಲ. ಅವನು ನೂಲಿಲ್ಲದ ಜಾಗವನ್ನು ಕಂಡಿದ್ದ, ಅದನ್ನು ತುಂಬಿದ್ದ, ತುಂಬಿದ ಮೇಲೆ ಆ ದೋಣಿಯ ಬೆನ್ನ ಮೇಲೆ ಕೂತು ನನ್ನನ್ನು ಕೇಳಿದ್ದ. ನಾನು ಇಲ್ಲ ಎಂದಿದ್ದೆ. ಅಕ್ಕನಿಗೆ ಅವನು ಯಾಕೆ ಹೇಳಲಿಲ್ಲ? ನನ್ನನ್ನು ಅವರ ಎದುರು ಕಳ್ಳನನ್ನಾಗಿ ನಿಲ್ಲಿಸಬಾರದು ಎಂದೇ ಇರಬೇಕು — ಇದು ನನ್ನ ಊಹೆ, ಇದನ್ನು ನಾನು ಯಾವ ಸಂದಿ ಸೀಳಿಯೂ ನೋಡಲಾರೆ. ಬರುವ ಭಾನುವಾರ ಅಳ್ನಾವರಕ್ಕೆ ಹೋಗುತ್ತೇನೆ. ಅವನು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಬಾಕಿ ಇದೆ.

ಉತ್ತರ ಗಟ್ಟಿ ಇರಲಿ ಎಂದು, ಹೊರಡುವ ಮುಂಚೆ ದೋಣಿಯನ್ನು ನಾಲ್ಕು ಕಲ್ಲುಗಳ ಮೇಲೆ ಎತ್ತಿ ಇಟ್ಟೆವು. ಅಕ್ಕ ಕೊಡ ಕೊಡ ನೀರು ತಂದು ಸುರಿದರು. ವರ್ಷಗಟ್ಟಲೆ ಒಣಗಿದ ಕಟ್ಟಿಗೆ, ಉಳಿದ ಸಂದಿಗಳೆಲ್ಲ ಬೆವರಿದವು, ಅಲ್ಲಲ್ಲಿ ಹನಿ ಕಟ್ಟಿ ತೊಟ್ಟಿಕ್ಕಿದವು. ನಾನು ನೆಲಕ್ಕೆ ಮಲಗಿ, ಕೆಳಗಿನಿಂದ ಅರಗಿನ ಆ ಗೇಣುದ್ದದ ಜಾಗಕ್ಕೆ ಅಂಗೈ ಒತ್ತಿ ಹಿಡಿದೆ. ಬಿಸಿಲು ಚಪ್ಪರ ದಾಟಿ ಹೋಗುವ ತನಕ ಹಿಡಿದೆ. ತೆಗೆದು ನೋಡಿದೆ. ಅಕ್ಕನೂ ಮುಟ್ಟಿ ನೋಡಿದರು.

ಅಂಗೈ ಒಣಗಿತ್ತು.